ನೀಲಿ ಪರದೆ ಮತ್ತು ಕೆಟ್ಟ ಡ್ರೈವರ್: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಅಂಗಡಿಕಾರರು, ಪ್ರೆಸ್‌ನವರು, ವಿದ್ಯಾರ್ಥಿಗಳು ಫೋನಿನಲ್ಲಿ, ವಾಟ್ಸ್ಯಾಪಿನಲ್ಲಿ, ಕೌಂಟರಿನ ಮುಂದೆ ನಿಂತು ಕೇಳುವ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರಗಳು ವಿಂಡೋಸ್ 10 ಮತ್ತು 11ಕ್ಕೆ ಹೊಂದುತ್ತವೆ. ಎಲ್ಲಕ್ಕೂ ಮೊದಲು ಒಂದು ಮಾತು: ಮಷಿನ್ ಬಿದ್ದ (ಓಡುತ್ತಿದ್ದಾಗಲೇ ಕೆಲಸ ನಿಲ್ಲಿಸಿದ) ಕೂಡಲೇ ಫಾರ್ಮ್ಯಾಟಿಗೆ ಕೈ ಹಾಕಬೇಡಿ. ಬೀಳುವ ಮುನ್ನ ವಿಂಡೋಸ್ ಕಾರಣವನ್ನು ಬಹಳ ಸಲ ಬರೆದಿಟ್ಟಿರುತ್ತದೆ. ಫಾರ್ಮ್ಯಾಟ್ ಮಾಡಿದರೆ ಆ ಬರಹವೂ ಅಳಿಸುತ್ತದೆ, ನಿಮ್ಮ ಲೆಕ್ಕಪತ್ರವೂ ಹೋಗುತ್ತದೆ. ಆಮೇಲೆ ಅದೇ ಡ್ರೈವರ್ ಹಾಕಿದರೆ ಅದೇ ನೀಲಿ ಪರದೆ ಮತ್ತೆ ಎದುರಿಗೆ.

## ಮೊದಲು ತಿಳಿದಿರಬೇಕಾದ್ದು

ಸರ, ಕಂಪ್ಯೂಟರ್ ಒಮ್ಮೆಲೇ ನೀಲಿ ಆಗಿ ಬಂದ್ ಆಗ್ತೈತಿ. ವೈರಸ್ ಹೊಕ್ಕೈತೇನ್ರಿ?

ಹೆಚ್ಚಿನ ಸಲ ಅಲ್ಲ. ನೀಲಿ ಪರದೆ ಎಂದರೆ ವಿಂಡೋಸ್ ತಾನಾಗಿಯೇ ಕೆಲಸ ನಿಲ್ಲಿಸಿದೆ ಎಂದರ್ಥ. ಒಳಗೆ ಏನೋ ತಪ್ಪಿದೆ, ಹೀಗೇ ಮುಂದುವರಿದರೆ ಡಿಸ್ಕಿನ ಮೇಲಿನ ಡೇಟಾ ಕೆಡಬಹುದು ಎಂದು ಗೊತ್ತಾದಾಗ ಅದು ಎಲ್ಲವನ್ನೂ ನಿಲ್ಲಿಸಿ, ಕಾರಣವನ್ನು ಒಂದು ಫೈಲಿಗೆ ಬರೆದು, ರೀಸ್ಟಾರ್ಟ್ ಆಗುತ್ತದೆ. ಇದಕ್ಕೆ ಬಹಳ ಸಾಮಾನ್ಯವಾದ ಕಾರಣ ಡ್ರೈವರ್. ಅದನ್ನು ಬಿಟ್ಟರೆ ರ‍್ಯಾಮ್, ಡಿಸ್ಕ್, ಬಿಸಿ, ಪವರ್ ಸಪ್ಲೈ.

ಡ್ರೈವರ್ ಅಂದ್ರ ಏನು? ಒಂದು ಸಣ್ಣ ವೈಫೈ ಡ್ರೈವರ್ ಕೆಟ್ರ ಇಡೀ ಮಷಿನ್ ಯಾಕ ಬೀಳಬೇಕು?

ವಿಂಡೋಸ್ ಮತ್ತು ಒಂದು ಸಾಧನದ ನಡುವೆ ಮಾತು ಸಾಗಿಸುವ ತಂತ್ರಾಂಶವೇ ಡ್ರೈವರ್. ಗ್ರಾಫಿಕ್ಸ್, ವೈಫೈ, ಸೌಂಡ್, ಬೆರಳ ಗುರುತು ತೆಗೆಯುವ ಯಂತ್ರ, ತೂಕದ ಯಂತ್ರದ ಕೇಬಲ್, ಪ್ರತಿಯೊಂದಕ್ಕೂ ಒಂದೊಂದು ಬೇಕು.

ಟ್ಯಾಲಿ, ನುಡಿ, ಬ್ರೌಸರ್ ಇವೆಲ್ಲ ಓಡುವ ಜಾಗಕ್ಕೆ ವಿಂಡೋಸ್ ಬೇಲಿ ಹಾಕಿದೆ. ಇವುಗಳಲ್ಲಿ ಒಂದು ಕೆಟ್ಟರೆ ಅದೊಂದನ್ನೇ ಮುಚ್ಚಿ ಉಳಿದದ್ದನ್ನು ನಡೆಸಿಕೊಂಡು ಹೋಗುತ್ತದೆ. ಆದರೆ ಬಹಳಷ್ಟು ಡ್ರೈವರುಗಳು ವಿಂಡೋಸ್‌ನ ತಿರುಳಾದ ಕರ್ನಲ್ ಒಳಗೇ ಓಡುತ್ತವೆ, ಅಲ್ಲಿ ಯಾವ ಬೇಲಿಯೂ ಇಲ್ಲ. ಅಂಗಡಿಯ ಮುಂದೆ ನಿಂತ ಗಿರಾಕಿ ತಕರಾರು ಮಾಡಿದರೆ ಹೊರಗೆ ಕಳಿಸಬಹುದು. ಗಲ್ಲಾಪೆಟ್ಟಿಗೆಯ ಕೀಲಿ ಇರುವ ಮನೆಯವನೇ ಲೆಕ್ಕ ತಪ್ಪಿಸಿದರೆ ಅಂಗಡಿಯ ಬಾಗಿಲು ಹಾಕಿಯೇ ನೋಡಬೇಕಾಗುತ್ತದೆ. ವಿಂಡೋಸ್ ಮಾಡುವುದೂ ಅದನ್ನೇ.

ಇದು ಎಷ್ಟು ದೊಡ್ಡದಾಗಬಹುದು ಎಂಬುದನ್ನು 2024ರ ಜುಲೈ 19ರಂದು ಇಡೀ ಜಗತ್ತು ನೋಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಕರ್ನಲ್ ಡ್ರೈವರ್‌ಗೆ ಒಂದು ತಪ್ಪು ಫೈಲ್ ಅಪ್‌ಡೇಟ್ ಆಗಿ ಬಂದು, ಮೈಕ್ರೋಸಾಫ್ಟ್ ಲೆಕ್ಕದಂತೆ ಸುಮಾರು 85 ಲಕ್ಷ ವಿಂಡೋಸ್ ಮಷಿನುಗಳು ಬಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಪರಿಹಾರ ಮಾತ್ರ ಸಣ್ಣದಿತ್ತು: ತೀರಾ ಬೇಕಾದ ಡ್ರೈವರುಗಳಷ್ಟೇ ಓಡುವ ಸೇಫ್ ಮೋಡ್‌ಗೆ ಹೋಗಿ ಆ ಒಂದು ಫೈಲ್ ಅಳಿಸುವುದು. ಫಾರ್ಮ್ಯಾಟ್ ಬೇಕಿರಲಿಲ್ಲ.

ನಮ್ದು ನೀಲಿ ಅಲ್ರಿ, ಕರೇ ಸ್ಕ್ರೀನ್ ಬರ್ತೈತಿ. ಇದು ಬ್ಯಾರೆ ರೋಗ ಏನು?

ಅದರ ಮೇಲೆ ಬಿಳಿ ಅಕ್ಷರದಲ್ಲಿ ಸ್ಟಾಪ್ ಕೋಡ್ (ಬಿದ್ದ ಕಾರಣದ ಹೆಸರು) ಇದ್ದರೆ ಎರಡೂ ಒಂದೇ. 2025ರ ಅಪ್‌ಡೇಟುಗಳ ನಂತರ ವಿಂಡೋಸ್ 11ರಲ್ಲಿ ನೀಲಿ ಬಣ್ಣದ ಬದಲು ಕಪ್ಪು ಬಣ್ಣ ತಂದಿದ್ದಾರೆ. ಅಕ್ಷರವೇ ಇಲ್ಲದೆ ಬರೀ ಕತ್ತಲೆಯಿದ್ದು ಫ್ಯಾನ್ ಮಾತ್ರ ತಿರುಗುತ್ತಿದ್ದರೆ ಅದು ಬೇರೆ ಸಮಸ್ಯೆ. ಮೊದಲು ಮಾನಿಟರ್ ಕೇಬಲ್ ಮತ್ತು ರ‍್ಯಾಮ್ ನೋಡಿ.

ಸ್ಕ್ರೀನ್ ಬಂದಾಗ ನಾವು ಏನ್ ಮಾಡ್ಬೇಕು?

ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನಮಗೆ ಬೇಕಾದ್ದು ಕೆಳಗಿನ ಸ್ಟಾಪ್ ಕೋಡ್ ಸಾಲು, ಮತ್ತು ಅದರ ಕೆಳಗೆ ಕೆಲವೊಮ್ಮೆ ಬರುವ, ಕೊನೆಯಲ್ಲಿ ಡಾಟ್ ಸಿಸ್ ಎಂದಿರುವ ಫೈಲಿನ ಹೆಸರು. ಆ ಹೊತ್ತಿಗೆ ಏನು ಮಾಡುತ್ತಿದ್ದಿರಿ ಎಂಬುದನ್ನೂ ಬರೆದಿಡಿ: ಪ್ರಿಂಟ್ ಕೊಟ್ಟಿದ್ದಿರೋ, ಪೆನ್‌ಡ್ರೈವ್ ಚುಚ್ಚಿದ್ದಿರೋ, ಲ್ಯಾಪ್‌ಟಾಪ್ ಮುಚ್ಚಿ ತೆರೆದಿದ್ದಿರೋ. ರಿಪೇರಿಯವರಿಗೆ ಈ ಒಂದು ಸಾಲಿನ ಮಾಹಿತಿ ಅರ್ಧ ಕೆಲಸ ಮುಗಿಸಿ ಕೊಡುತ್ತದೆ.

## ಯಾವುದು ಕೆಟ್ಟಿದೆ ಎಂದು ಹುಡುಕುವುದು

ಡ್ರೈವರ್ ಕೆಟ್ಟೈತೋ, ರ‍್ಯಾಮ್ ಕೆಟ್ಟೈತೋ ಹೆಂಗ್ ಗೊತ್ತಾಗ್ಬೇಕು?

ಬೀಳುವ ರೀತಿಯೇ ಹೇಳುತ್ತದೆ. ಪ್ರತಿ ಸಲವೂ ಅದೇ ಕೋಡ್, ಅದೇ ಫೈಲ್, ಅದೇ ಕೆಲಸ ಮಾಡುವಾಗ ಬೀಳುತ್ತಿದ್ದರೆ ಡ್ರೈವರ್ ಮೇಲೆ ಸಂಶಯ. ಒಂದೊಂದು ಸಲ ಒಂದೊಂದು ಕೋಡ್ ಬಂದು, ಹೊತ್ತುಗೊತ್ತಿಲ್ಲದೆ ಬೀಳುತ್ತಿದ್ದರೆ ರ‍್ಯಾಮ್ ಮೇಲೆ. ಕೋಡ್‌ನಲ್ಲಿ 'ಡಬ್ಲ್ಯುಎಚ್‌ಇಎ ಅನ್‌ಕರೆಕ್ಟಬಲ್ ಎರರ್' ಎಂದಿದ್ದರೆ ಹಾರ್ಡ್‌ವೇರ್ ಕಡೆಗೆ ತಿರುಗಿ. ನೀಲಿ ಪರದೆಯೇ ಬಾರದೆ ಟಪ್ ಎಂದು ಆಫ್ ಆದರೆ ಬಿಸಿ ಅಥವಾ ಪವರ್ ಸಪ್ಲೈ. ವಿಂಡೋಸ್‌ನ ಘಟನೆಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ 'ಕರ್ನಲ್-ಪವರ್ 41' ಎಂದು ಮಾತ್ರ ಕಂಡರೆ ಮಷಿನ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂದಷ್ಟೇ ಅದರ ಅರ್ಥ. ಕಾರಣ ಅಲ್ಲಿ ಸಿಗುವುದಿಲ್ಲ.

ಸುಲಭದ ಪರೀಕ್ಷೆ ಸೇಫ್ ಮೋಡ್. ಅಲ್ಲಿ ವಿಂಡೋಸ್ ತನಗೆ ತೀರಾ ಬೇಕಾದ ಡ್ರೈವರುಗಳನ್ನು ಮಾತ್ರ ಎತ್ತಿಕೊಳ್ಳುತ್ತದೆ. ಅಲ್ಲಿ ಗಂಟೆಗಟ್ಟಲೆ ಬೀಳದೆ ನಡೆದು, ಮಾಮೂಲಿ ಮೋಡ್‌ನಲ್ಲಿ ಬಿದ್ದರೆ ಹೊರಗಿನಿಂದ ಹಾಕಿದ ಯಾವುದೋ ಡ್ರೈವರ್. ಸೇಫ್ ಮೋಡ್‌ನಲ್ಲೂ ಬಿದ್ದರೆ ಹಾರ್ಡ್‌ವೇರ್ ನೋಡಿ.

ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಅಂಗಡಿಗಳ ಮಷಿನುಗಳಿಗೆ ನಾನು ಈ ಕ್ರಮವನ್ನೇ ತಿರುವಿ ಹಾಕುತ್ತೇನೆ, ಮೊದಲು ಕ್ಯಾಬಿನೆಟ್ ಬಿಚ್ಚುತ್ತೇನೆ. ಪ್ರೊಸೆಸರ್ ಫ್ಯಾನಿನ ಕೆಳಗಿನ ಅಲ್ಯೂಮಿನಿಯಂ ಸಂದುಗಳಲ್ಲಿ ಕೆಂಪು ಪುಡಿ ನಾರಿನ ಜೊತೆ ಸೇರಿ ನಮದೆಯಂತೆ ಗಟ್ಟಿಯಾಗಿರುತ್ತದೆ, ಗಾಳಿ ಒಳಗೆ ಹೋಗಲು ದಾರಿಯೇ ಇರುವುದಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊರಗೆ ಬಯಲಿನಲ್ಲಿ ಬ್ಲೋವರ್ ಹೊಡೆಯಬೇಕು. ಒಳಗೆ ಹೊಡೆದರೆ ಅಂಗಡಿಯವರೆಲ್ಲ ಎದ್ದು ಹೋಗುತ್ತಾರೆ.

ಸ್ಟಾಪ್ ಕೋಡ್ ಓದಿದ್ರ ಏನ್ ತಿಳೀತೈತಿ?

ಯಾವ ದಿಕ್ಕಿಗೆ ಹೋಗಬೇಕು ಎಂದು ತಿಳಿಯುತ್ತದೆ, ಊರು ತಿಳಿಯುವುದಿಲ್ಲ. ಹೆಚ್ಚಾಗಿ ಕಾಣುವವು ಇವು.

'ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್': ಡ್ರೈವರ್ ಒಂದು ತಾನು ಮುಟ್ಟಬಾರದ ಹೊತ್ತಿನಲ್ಲಿ ಮೆಮೊರಿ ಮುಟ್ಟಿದೆ. ವೈಫೈ ಮತ್ತು ಲ್ಯಾನ್ ಡ್ರೈವರುಗಳಲ್ಲಿ ಇದು ಬಹಳ.

'ವೀಡಿಯೋ ಟಿಡಿಆರ್ ಫೇಲ್ಯೂರ್': ಗ್ರಾಫಿಕ್ಸ್ ಕಾರ್ಡ್ ಉತ್ತರ ಕೊಡಲಿಲ್ಲ. ವಿಂಡೋಸ್ ಸಾಮಾನ್ಯವಾಗಿ 2 ಸೆಕೆಂಡ್ ಕಾದು, ಡ್ರೈವರನ್ನು ಮತ್ತೆ ಎಬ್ಬಿಸಲು ನೋಡುತ್ತದೆ. ಎದ್ದರೆ ಪರದೆ ಒಮ್ಮೆ ಮಿನುಗಿ ಸರಿಯಾಗುತ್ತದೆ, ಏಳದಿದ್ದರೆ ಈ ಕೋಡ್. ಫೋಟೋ ಸ್ಟುಡಿಯೋಗಳಲ್ಲಿ ಮದುವೆ ವೀಡಿಯೋ ಎಡಿಟ್ ಮಾಡುವ ಮಷಿನುಗಳಲ್ಲಿ ಇದು ಮಾಮೂಲು.

'ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್': ನಿದ್ದೆಗೆ ಹೋಗುವಾಗ ಅಥವಾ ಏಳುವಾಗ ಒಂದು ಸಾಧನ ತಿರುಗಿ ಮಾತಾಡಲಿಲ್ಲ. ಧಾರವಾಡದ ಸಪ್ತಾಪುರದ ಓದುವ ಕೋಣೆಗಳಿಂದ ಬರುವ ಹುಡುಗರ ದೂರು ಬಹುತೇಕ ಇದೇ. ಚಹಾ ಕುಡಿಯಲು ಲ್ಯಾಪ್‌ಟಾಪ್ ಮುಚ್ಚಿ ಹೋಗಿರುತ್ತಾರೆ, ಬಂದು ತೆರೆದರೆ ರೀಸ್ಟಾರ್ಟ್ ಆಗಿರುತ್ತದೆ. ವೈಫೈ ಡ್ರೈವರ್ ಬದಲಿಸಿ, ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಪವರ್ ಮ್ಯಾನೇಜ್‌ಮೆಂಟ್ ಪುಟವಿದ್ದರೆ, ಕರೆಂಟ್ ಉಳಿಸಲು ಸಾಧನವನ್ನು ಆಫ್ ಮಾಡುವ ಅನುಮತಿಯ ಟಿಕ್ ತೆಗೆಯಿರಿ.

'ಡಿಪಿಸಿ ವಾಚ್‌ಡಾಗ್ ವಯಲೇಷನ್': ಒಂದು ಡ್ರೈವರ್ ಪ್ರೊಸೆಸರನ್ನು ಬಹಳ ಹೊತ್ತು ಹಿಡಿದಿಟ್ಟುಕೊಂಡಿದೆ. ಡಿಸ್ಕ್ ಕಂಟ್ರೋಲರ್ ಡ್ರೈವರ್ ಮತ್ತು ಎಸ್‌ಎಸ್‌ಡಿಯ ಒಳಗಿನ ತಂತ್ರಾಂಶ (ಫರ್ಮ್‌ವೇರ್) ಮೊದಲು ನೋಡಿ.

ಆ ಬರದಿಟ್ಟ ಫೈಲ್ ಎಲ್ಲೈತ್ರಿ? ನಾವೂ ಓದಬಹುದೇನು?

ಖಂಡಿತ ಓದಬಹುದು. ಸಿ ಡ್ರೈವ್‌ನಲ್ಲಿ ವಿಂಡೋಸ್ ಫೋಲ್ಡರ್, ಅದರೊಳಗೆ ಮಿನಿಡಂಪ್. ಬಿದ್ದ ತಾರೀಖಿನ ಹೆಸರಿನಲ್ಲೇ ಫೈಲುಗಳಿರುತ್ತವೆ. ನಿರ್‌ಸಾಫ್ಟ್‌ನವರ ಬ್ಲೂಸ್ಕ್ರೀನ್‌ವ್ಯೂ ಎಂಬ ಪುಟ್ಟ ಉಚಿತ ತಂತ್ರಾಂಶದಲ್ಲಿ ತೆರೆದರೆ ಸಂಶಯದ ಡ್ರೈವರ್ ಯಾವುದೆಂದು ತೋರಿಸುತ್ತದೆ.

ಗದಗಿನ ಪ್ರೆಸ್ ಒಂದರ ಡಿಟಿಪಿ ಮಷಿನ್ ಉದಾಹರಣೆಗೆ ತೆಗೆದುಕೊಳ್ಳಿ. ಲಗ್ನದ ಸೀಸನ್, ಲಗ್ನಪತ್ರಿಕೆಗಳ ರಾಶಿ, ಮಷಿನ್ ದಿನವೂ ಬೀಳುತ್ತಿತ್ತು. ಕೋರೆಲ್‌ಡ್ರಾದ್ದೇ ತಪ್ಪು ಎಂದು ಅದನ್ನು ತೆಗೆದು ಮತ್ತೆ ಹಾಕಿದ್ದರು. ಮಿನಿಡಂಪ್ ತೆರೆದಾಗ ಸಾಲುಸಾಲಾಗಿ ಒಂದೇ ಹೆಸರು: ಎನ್‌ವಿಎಲ್‌ಡಿಡಿಎಂಕೆಎಂ. ಅದು ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರ್. ಅದನ್ನು ಪೂರ್ತಿ ತೆಗೆದು, ಆ ಕಾರ್ಡಿಗೆ ಹೊಂದುವ ಹಳೆಯ ಆವೃತ್ತಿ ಹಾಕಿದ ಮೇಲೆ ಮಷಿನ್ ಬೀಳುವುದು ನಿಂತಿತು. ಲಗ್ನಪತ್ರಿಕೆಯ ಒಂದು ಫೈಲನ್ನೂ ಮುಟ್ಟಬೇಕಾಗಲಿಲ್ಲ.

ಒಂದು ಎಚ್ಚರ. ಆ ಪಟ್ಟಿಯಲ್ಲಿ 'ಎನ್‌ಟಿಓಎಸ್‌ಕೆಆರ್‌ಎನ್‌ಎಲ್' ಎಂದು ಕಂಡರೆ ಅದೇ ತಪ್ಪಿತಸ್ಥ ಎಂದುಕೊಳ್ಳಬೇಡಿ. ಅದು ವಿಂಡೋಸ್‌ನ ಕರ್ನಲ್. ಬೇರೆಯವರು ಕೆಡಿಸಿದ್ದು ಅದರ ಕೈಯಲ್ಲಿ ಸಿಕ್ಕಿಬಿದ್ದಿರುತ್ತದೆ, ಅಷ್ಟೇ.

ಮಿನಿಡಂಪ್ ಫೋಲ್ಡರ್ ಖಾಲಿ ಐತಲ್ರಿ?

ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ಸ್ಟಾರ್ಟಪ್ ಅಂಡ್ ರಿಕವರಿಗೆ ಹೋಗಿ 'ಸ್ಮಾಲ್ ಮೆಮೊರಿ ಡಂಪ್' ಆರಿಸಿ. ತಾನಾಗಿ ರೀಸ್ಟಾರ್ಟ್ ಆಗುವ ಟಿಕ್ ತೆಗೆದರೆ ಫೋಟೋ ತೆಗೆಯುವಷ್ಟು ಹೊತ್ತು ಪರದೆ ನಿಲ್ಲುತ್ತದೆ. ಸಿ ಡ್ರೈವ್‌ನಲ್ಲಿ ಪೇಜಿಂಗ್ ಫೈಲ್ (ರ‍್ಯಾಮ್ ಸಾಲದಾಗ ವಿಂಡೋಸ್ ಬಳಸುವ ಫೈಲ್) ಇರಲೇಬೇಕು. ಮಷಿನ್ ಫಾಸ್ಟ್ ಮಾಡ್ತೀನಿ ಎಂದು ಅದನ್ನು ತೆಗೆದಿದ್ದರೆ ಡಂಪ್ ಬರೆಯಲು ಜಾಗವೇ ಸಿಗುವುದಿಲ್ಲ. ಇನ್ನೊಂದು, ಜಾಗ ಉಳಿಸುವ ಕ್ಲೀನರ್ ತಂತ್ರಾಂಶಗಳು ಈ ಫೈಲುಗಳನ್ನು ಕಸವೆಂದು ಗುಡಿಸಿಬಿಡುತ್ತವೆ.

## ಸರಿಪಡಿಸುವುದು

ಅಪ್‌ಡೇಟ್ ಆದ ಮರುದಿನದಿಂದ ಶುರು ಆಗೈತಿ. ಹಿಂದಿನ ಡ್ರೈವರ್ ವಾಪಸ್ ತರಬಹುದಾ?

ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡ್ರೈವರ್ ಪುಟ, 'ರೋಲ್ ಬ್ಯಾಕ್ ಡ್ರೈವರ್'. ಆ ಬಟನ್ ಮಸುಕಾಗಿದ್ದರೆ ಹಿಂದಿನದು ಉಳಿದಿಲ್ಲ ಎಂದರ್ಥ. ಆಗ ಸಿಸ್ಟಮ್ ರಿಸ್ಟೋರ್ (ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸುವ ಸೌಲಭ್ಯ) ನೋಡಿ. ಬಹಳ ಮಷಿನುಗಳಲ್ಲಿ ಅದು ಆಫ್ ಆಗಿಯೇ ಇರುತ್ತದೆ. ನಿಮ್ಮದು ಈಗ ಚೆನ್ನಾಗಿ ಓಡುತ್ತಿದ್ದರೆ ಇಂದೇ ಆನ್ ಮಾಡಿಡಿ.

ಡ್ರೈವರ್ ಬದಲಿಸಿದ ಮೇಲೆ ಶಟ್‌ಡೌನ್ ಸಾಲದು, ರೀಸ್ಟಾರ್ಟ್ ಮಾಡಬೇಕು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಕರ್ನಲ್‌ನ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮರುದಿನ ಅದೇ ಎದ್ದು ಬರುತ್ತದೆ.

ವಿಂಡೋಸ್ ಬರೋಕಿಂತ ಮೊದ್ಲ ಬೀಳ್ತೈತಿ. ಒಳಗ ಹೋಗೋದಾದ್ರೂ ಹೆಂಗ?

ವಿಂಡೋಸ್ ಏಳುವಾಗಲೇ ಪವರ್ ಬಟನ್ ಒತ್ತಿ ಹಿಡಿದು ನಿಲ್ಲಿಸಿ. ಹೀಗೆ ಎರಡು ಮೂರು ಸಲ ಆದ ಮೇಲೆ ರಿಕವರಿ ಪರದೆ ತಾನಾಗಿ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಪಟ್ಟಿ ಬಂದಾಗ 4 ಒತ್ತಿದರೆ ಸೇಫ್ ಮೋಡ್, ಇಂಟರ್ನೆಟ್ ಸಹಿತ ಬೇಕಾದರೆ 5. ಒಳಗೆ ಹೋದ ಮೇಲೆ ಇತ್ತೀಚೆಗೆ ಹಾಕಿದ ಡ್ರೈವರ್ ತೆಗೆಯಿರಿ.

ಹೊಸ ಲ್ಯಾಪ್‌ಟಾಪುಗಳಲ್ಲಿ ಇಲ್ಲೊಂದು ತಡೆ ಬರಬಹುದು: ಡಿಸ್ಕಿಗೆ ಬೀಗ ಹಾಕಿರುವ ಬಿಟ್‌ಲಾಕರ್ ಕೀ ಕೇಳುತ್ತದೆ, 48 ಅಂಕಿಯದು. ನೀವು ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿದ್ದರೆ ಸಾಮಾನ್ಯವಾಗಿ ಆ ಅಕೌಂಟಿನಲ್ಲಿ ಉಳಿದಿರುತ್ತದೆ, ಮೊಬೈಲಿನಿಂದಲೇ ನೋಡಿಕೊಳ್ಳಬಹುದು. ಈ ಕೀ ಇಲ್ಲದೆ ಡಿಸ್ಕಿನ ಡೇಟಾ ಯಾವ ರಿಪೇರಿಯವರಿಂದಲೂ ತೆಗೆಯಲು ಆಗುವುದಿಲ್ಲ. ಮಷಿನ್ ಸರಿಯಿರುವಾಗಲೇ ಕಾಗದದ ಮೇಲೆ ಬರೆದು ಕಪಾಟಿನಲ್ಲಿಡಿ.

ಲೆಕ್ಕದ ಫೈಲ್ ಎಲ್ಲಾ ಒಳಗ ಸಿಕ್ಕಾವು ಸರ, ಸೇಫ್ ಮೋಡೂ ಬರವಲ್ದು.

ಗಾಬರಿ ಬೇಡ. ಡ್ರೈವರ್ ಕೆಟ್ಟರೆ ಫೈಲುಗಳು ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ. ಅದೇ ರಿಕವರಿ ಪರದೆಯಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ನೋಟ್‌ಪ್ಯಾಡ್' ಎಂದು ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್‌ನ ಫೈಲ್ ಮೆನುವಿನಲ್ಲಿ ಓಪನ್ ಕೊಟ್ಟು, ಕೆಳಗೆ 'ಆಲ್ ಫೈಲ್ಸ್' ಆರಿಸಿದರೆ ಡಿಸ್ಕಿನ ಫೋಲ್ಡರುಗಳೆಲ್ಲ ಕಾಣುತ್ತವೆ. ಟ್ಯಾಲಿಯ ಡೇಟಾ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್. ನಕಲಾಗುವಾಗ ಪರದೆಯ ಮೇಲೆ ಏನೂ ತೋರಿಸುವುದಿಲ್ಲ, ತಾಳ್ಮೆಯಿಂದ ಕಾಯಿರಿ. ಡ್ರೈವ್‌ನ ಅಕ್ಷರ ಇಲ್ಲಿ ಬದಲಾಗಿರಬಹುದು, ಸಿ ಎಂದಿದ್ದದ್ದು ಡಿ ಎಂದು ಕಾಣಬಹುದು.

ಎಲ್ಲಾ ಡ್ರೈವರ್ ತಾನ ಹುಡುಕಿ ಹಾಕೋ ಸಾಫ್ಟ್‌ವೇರ್ ಬರ್ತಾವಲ್ರಿ, ಅದು ಹಾಕ್ಲ್ಯಾ?

ಬೇಡ. ಹೆಸರು ಹೋಲುವ ಡ್ರೈವರ್ ತಂದು ಹಾಕಿ, ಚೆನ್ನಾಗಿದ್ದ ಸಾಧನವನ್ನೂ ಅವು ಕೆಡಿಸುವುದುಂಟು. ಲ್ಯಾಪ್‌ಟಾಪ್ ಆದರೆ ತಯಾರಕರ ಜಾಲತಾಣದಲ್ಲಿ ಮಾಡೆಲ್ ನಂಬರ್ ಹಾಕಿ ತೆಗೆದುಕೊಳ್ಳಿ, ಅಸೆಂಬಲ್ ಮಷಿನ್ ಆದರೆ ಮದರ್‌ಬೋರ್ಡ್ ಕಂಪನಿಯ ತಾಣದಿಂದ.

ಕೆಟ್ಟ ಡ್ರೈವರ್ ತೆಗದ್ರೂ ವಿಂಡೋಸ್ ಮತ್ತ ಅದನ್ನ ತಂದು ಹಾಕ್ತೈತಿ.

ಅನ್‌ಇನ್‌ಸ್ಟಾಲ್ ಮಾಡುವಾಗ ಡ್ರೈವರ್ ಫೈಲನ್ನೂ ಅಳಿಸುವ ಟಿಕ್ ಹಾಕದಿದ್ದರೆ ವಿಂಡೋಸ್ ತನ್ನ ಉಗ್ರಾಣದಿಂದ ಅದನ್ನೇ ಎತ್ತಿ ಹಾಕುತ್ತದೆ. ಟಿಕ್ ಹಾಕಿ, ಇಂಟರ್ನೆಟ್ ತೆಗೆದು, ಸರಿಯಾದ ಆವೃತ್ತಿ ಹಾಕಿ. ಆಮೇಲೆ ವಿಂಡೋಸ್ ಅಪ್‌ಡೇಟನ್ನು ಕೆಲವು ವಾರ ತಡೆಹಿಡಿಯಬಹುದು. ಪ್ರೊ ಆವೃತ್ತಿಯಾದರೆ ಗ್ರೂಪ್ ಪಾಲಿಸಿಯಲ್ಲಿ ಅಪ್‌ಡೇಟ್ ಜೊತೆ ಡ್ರೈವರ್ ಬೇಡ ಎಂದು ಹೇಳುವ ಸೌಲಭ್ಯವಿದೆ. ಗ್ರಾಫಿಕ್ಸ್ ಡ್ರೈವರ್‌ಗೆ ಮಾತ್ರ ಡಿಡಿಯು ಎಂಬ ತಂತ್ರಾಂಶವನ್ನು ಸೇಫ್ ಮೋಡ್‌ನಲ್ಲಿ ಓಡಿಸಿದರೆ ಬೇರುಸಮೇತ ಹೋಗುತ್ತದೆ.

## ನಮ್ಮ ಕಡೆಯ ಸಾಧನಗಳು

ತೂಕದ ಮಷಿನ್ ಕೇಬಲ್ ಹಾಕಿದ್ರ ಸಾಕು, ತಕರಾರು ಶುರು. ವಿಂಡೋಸ್ 11 ಹಾಕಿದ ಮ್ಯಾಲೆ ಹಿಂಗ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತಲ್ಲ, ಅಲ್ಲಿಂದ ಎಪಿಎಂಸಿ ಕಡೆಯ ಈ ಪ್ರಶ್ನೆ ಜಾಸ್ತಿಯಾಗಿದೆ. ತೂಕದ ಯಂತ್ರದ ಸೀರಿಯಲ್ ಪೋರ್ಟನ್ನು ಯುಎಸ್‌ಬಿಗೆ ಬದಲಿಸುವ ಆ ಕೇಬಲಿನ ಗುಬಟಿನೊಳಗೆ ಒಂದು ಚಿಪ್ ಇರುತ್ತದೆ. ಅಗ್ಗದ ಕೇಬಲುಗಳಲ್ಲಿ ಪ್ರೊಲಿಫಿಕ್ ಕಂಪನಿಯ ಹಳೆಯ ಚಿಪ್, ಇಲ್ಲವೇ ಅದರ ನಕಲಿ. ಹೊಸ ಡ್ರೈವರ್ ಇವನ್ನು ಗುರುತಿಸಿ ಕೆಲಸ ಮಾಡಲು ಒಪ್ಪುವುದಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಬರುತ್ತದೆ, ಇಲ್ಲವೇ ಈ ಚಿಪ್‌ಗೆ ವಿಂಡೋಸ್ 11ರ ಬೆಂಬಲವಿಲ್ಲ, ಮಾರಿದವರನ್ನು ಕೇಳಿ ಎಂದು ಸಾಧನದ ಹೆಸರಿನ ಜಾಗದಲ್ಲೇ ಬರೆದಿರುತ್ತದೆ. ಆಗ ಯಾರೋ ಎಲ್ಲಿಂದಲೋ ಹಳೆಯ ಡ್ರೈವರ್ ತಂದು ಒತ್ತಾಯದಿಂದ ಕೂರಿಸುತ್ತಾರೆ. ಮಷಿನ್ ಬೀಳಲು ಶುರುವಾಗುವುದು ಅಲ್ಲಿಂದ.

ನನ್ನ ಸಲಹೆ ನೇರ: ಕೇಬಲ್ ಬದಲಿಸಿ. ಹೊಸ ಚಿಪ್‌ನ ಒಳ್ಳೆಯ ಕೇಬಲಿನ ಬೆಲೆ, ಟೆಂಡರ್ ದಿನ ಅರ್ಧ ಗಂಟೆ ತೂಕ ನಿಂತರೆ ಆಗುವ ನಷ್ಟಕ್ಕಿಂತ ಬಹಳ ಕಡಿಮೆ. ಹಳೆಯ ಫಾಂಟ್ ತಂತ್ರಾಂಶಗಳ ಜೊತೆ ಬರುತ್ತಿದ್ದ, ಯುಎಸ್‌ಬಿಗೆ ಸಿಕ್ಕಿಸುವ ಕೀಲಿಯಂಥ ಡಾಂಗಲ್‌ಗಳಿಗೂ ಇಂಥದ್ದೇ ತೊಂದರೆಯಿದೆ. ಡಾಂಗಲ್ ತಯಾರಕರ ಹೊಸ ಡ್ರೈವರ್ ಹಾಕಿದರೆ ಬಹುತೇಕ ಸರಿಹೋಗುತ್ತದೆ.

ಅಣ್ಣಾರ, ನಮ್ಮ ಸೇವಾ ಕೇಂದ್ರದಾಗ ಬೆರಳಚ್ಚಿನ ಮಷಿನ್ ಹಾಕಿದಾಗ ಕಂಪ್ಯೂಟರ್ ಬೀಳ್ತೈತಿ. ಆರ್‌ಡಿ ಸರ್ವಿಸ್ ತಪ್ಪೇನು?

ಆರ್‌ಡಿ ಸರ್ವಿಸ್, ಅಂದರೆ ಆಧಾರ್‌ಗೆ ಬೆರಳಚ್ಚು ಕಳಿಸುವ ತಂತ್ರಾಂಶ, ಮಾಮೂಲಿ ತಂತ್ರಾಂಶದಂತೆ ಓಡುತ್ತದೆ. ಅದು ಕೆಟ್ಟರೆ ಬೆರಳು ತೆಗೆದುಕೊಳ್ಳುವುದಿಲ್ಲ, ಅಷ್ಟೇ. ನೀಲಿ ಪರದೆ ಬಂದರೆ ಸಾಧನದ ಡ್ರೈವರ್ ಅಥವಾ ಯುಎಸ್‌ಬಿ ಹಬ್ ನೋಡಿ. ಹಳೆಯ ಮಾಡೆಲಿನ ಡ್ರೈವರ್ ಉಳಿದಿದ್ದು ಅದರ ಮೇಲೆ ಹೊಸ ಸಾಧನದ್ದು ಹಾಕಿದ್ದರೆ ಎರಡನ್ನೂ ತೆಗೆದು, ಹೊಸದನ್ನು ಮಾತ್ರ ಹಾಕಿ. ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಎಲ್ಲವನ್ನೂ ಒಂದೇ ಅಗ್ಗದ ಹಬ್‌ಗೆ ಸಿಕ್ಕಿಸಬೇಡಿ. ಬೆರಳಚ್ಚಿನದನ್ನು ನೇರ ಮಷಿನಿಗೇ ಕೊಡಿ.

ಪ್ರಿಂಟ್ ಕೊಟ್ಟಾಗ ಮಾತ್ರ ಬೀಳ್ತೈತಿ.

ಪ್ರಿಂಟರ್ ಡ್ರೈವರುಗಳು ಈಗ ಬಹುತೇಕ ಕರ್ನಲ್‌ನ ಹೊರಗೇ ಓಡುತ್ತವೆ, ಹಾಗಾಗಿ ಅವು ಇಡೀ ಮಷಿನ್ ಕೆಡವುವುದು ಅಪರೂಪ. ಆದರೂ 2021ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್‌ನ ಒಂದು ಅಪ್‌ಡೇಟ್ ಬಂದು, ಕ್ಯೋಸೆರಾ, ರಿಕೋ, ಜೀಬ್ರಾ ಮುಂತಾದ ಪ್ರಿಂಟರುಗಳಿಗೆ ಪ್ರಿಂಟ್ ಕೊಟ್ಟೊಡನೆ ನೀಲಿ ಪರದೆ ಬರುತ್ತಿತ್ತು. ಕೆಲವೇ ದಿನಗಳಲ್ಲಿ ಸರಿಪಡಿಸುವ ಅಪ್‌ಡೇಟ್ ಬಿಟ್ಟರು. ಆದ್ದರಿಂದ ಮೊದಲು ಬಾಕಿ ಅಪ್‌ಡೇಟ್ ಹಾಕಿ, ಆಮೇಲೆ ಪ್ರಿಂಟರ್ ಡ್ರೈವರ್ ಬದಲಿಸಿ, ಕೊನೆಗೆ ಯುಎಸ್‌ಬಿ ಪೋರ್ಟ್ ಬದಲಿಸಿ ನೋಡಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಡಂಪ್‌ನಾಗ ಯಾವಾಗ್ಲೂ ಕರ್ನಲ್ ಹೆಸರೇ ಬರ್ತೈತಿ. ನಿಜವಾದ ಕಳ್ಳನ್ನ ಹಿಡಿಯೋದು ಹೆಂಗ?

ಎರಡು ದಾರಿ. ಮೊದಲನೆಯದು ಡಂಪ್ (ಬಿದ್ದಾಗ ಬರೆದಿಟ್ಟ ಫೈಲ್) ಓದುವ ತಂತ್ರಾಂಶ, ಮೈಕ್ರೋಸಾಫ್ಟ್‌ನ ವಿನ್‌ಡಿಬಿಜಿ. ಡಂಪ್ ತೆರೆದು, ಆಶ್ಚರ್ಯ ಚಿಹ್ನೆ ಹಾಕಿ 'ಅನಲೈಸ್' ಎಂದು ಬರೆದು, ಒಂದು ಜಾಗ ಬಿಟ್ಟು ಹೈಫನ್ ಮತ್ತು ವಿ ಸೇರಿಸಿ ಎಂಟರ್ ಕೊಡಿ. ಬರುವ ಪಟ್ಟಿಯಲ್ಲಿ ಮಾಡ್ಯೂಲ್ ಹೆಸರಿನ ಸಾಲನ್ನಷ್ಟೇ ನೋಡಿ ಬಿಡಬೇಡಿ, ಸ್ಟ್ಯಾಕ್ (ಬೀಳುವ ಮುನ್ನ ಓಡುತ್ತಿದ್ದವುಗಳ ಸಾಲು) ಓದಿ. ಕರ್ನಲ್ ಹೆಸರುಗಳ ನಡುವೆ ಹೊರಗಿನ ಒಂದು ಹೆಸರು ಮತ್ತೆ ಮತ್ತೆ ಇಣುಕಿದರೆ ಅದರ ಬೆನ್ನು ಹತ್ತಿ.

ಎರಡನೆಯದು ಡ್ರೈವರ್ ವೆರಿಫೈಯರ್. ಇದು ವಿಂಡೋಸ್‌ನಲ್ಲೇ ಇದೆ. ಸಂಶಯದ ಡ್ರೈವರುಗಳನ್ನು ಬೇಕೆಂದೇ ಕಠಿಣ ಪರೀಕ್ಷೆಗೆ ಒಡ್ಡಿ, ತಪ್ಪು ಮಾಡಿದ ಕ್ಷಣದಲ್ಲೇ ಮಷಿನ್ ಕೆಡವಿ ಹೆಸರು ಹೇಳುತ್ತದೆ. ಇದನ್ನು ಆನ್ ಮಾಡುವ ಮುನ್ನ ಡೇಟಾ ನಕಲು ಮಾಡಿ, ರಿಸ್ಟೋರ್ ಪಾಯಿಂಟ್ ಇಡಿ, ಸೇಫ್ ಮೋಡ್‌ಗೆ ಹೋಗಲು ಬರುತ್ತದೆಯೇ ಎಂದು ಒಮ್ಮೆ ಹೋಗಿ ನೋಡಿ. ಮೈಕ್ರೋಸಾಫ್ಟ್‌ನವಲ್ಲದ ಡ್ರೈವರುಗಳನ್ನು ಮಾತ್ರ ಆರಿಸಿ. ಏಳುವಾಗಲೇ ಬೀಳುತ್ತಿದ್ದರೆ ಸೇಫ್ ಮೋಡ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ವೆರಿಫೈಯರ್' ಎಂದು ಬರೆದು, ಜಾಗ ಬಿಟ್ಟು, ಸ್ಲ್ಯಾಶ್ ಹಾಕಿ 'ರಿಸೆಟ್' ಎಂದು ಕೊಟ್ಟರೆ ಆಫ್ ಆಗುತ್ತದೆ. ಕೆಲಸ ಮುಗಿದ ಮೇಲೂ ಇದನ್ನು ಆಫ್ ಮಾಡಲೇಬೇಕು, ಇಲ್ಲದಿದ್ದರೆ ಮಷಿನ್ ನಿಧಾನವಾಗಿಯೇ ಇರುತ್ತದೆ.

ಮೆಮೊರಿ ಇಂಟೆಗ್ರಿಟಿ ಆನ್ ಮಾಡಾಕ ಹೋದ್ರ ಹೊಂದದ ಡ್ರೈವರ್ ಐತಿ ಅಂತ ತೋರಸ್ತೈತಿ. ಆಫ್ ಇಟ್ರ ನಡೀತೈತೇನು?

ಮೆಮೊರಿ ಇಂಟೆಗ್ರಿಟಿ ಎಂದರೆ ಕರ್ನಲ್ ಒಳಗೆ ಕೆಟ್ಟ ಕೋಡ್ ಓಡದಂತೆ ತಡೆಯುವ ವಿಂಡೋಸ್‌ನ ಭದ್ರತೆ. ಆಫ್ ಇಟ್ಟರೂ ನಡೆಯುತ್ತದೆ, ಆದರೆ ಹೊಂದದ ಡ್ರೈವರುಗಳ ಆ ಪಟ್ಟಿಯನ್ನು ನೋಡದೆ ಬಿಡಬೇಡಿ. ಹಳೆಯ ಕಾಲದ ಡ್ರೈವರುಗಳ ಹೆಸರು ಅಲ್ಲೇ ಕೈಗೆ ಸಿಗುತ್ತದೆ. ವರ್ಷಗಳ ಹಿಂದೆ ಮಾರಿಬಿಟ್ಟ ಡಾಂಗಲ್ ಅಥವಾ ವೆಬ್‌ಕ್ಯಾಮ್‌ನದು ಇನ್ನೂ ಕುಳಿತಿದ್ದರೆ ತೆಗೆದುಹಾಕಿ.

ಲ್ಯಾಬ್‌ನಾಗ ಉಬುಂಟು ಐತಿ. ಅಲ್ಲೂ ಹಿಂಗ ಆಗ್ತೈತೇನು?

ಆಗುತ್ತದೆ, ಅಲ್ಲಿ ಅದಕ್ಕೆ ಕರ್ನಲ್ ಪ್ಯಾನಿಕ್ ಎನ್ನುತ್ತಾರೆ. ಕರ್ನಲ್ ಅಪ್‌ಡೇಟ್ ನಂತರ ಶುರುವಾದರೆ ಮಷಿನ್ ಏಳುವಾಗ ಬರುವ ಗ್ರಬ್ ಮೆನುವಿನಲ್ಲಿ ಹಿಂದಿನ ಕರ್ನಲ್ ಆರಿಸಿ ನೋಡಿ. ಅದರಲ್ಲಿ ಬೀಳದಿದ್ದರೆ ಎನ್‌ವಿಡಿಯಾ ಅಥವಾ ವೈಫೈ ಮಾಡ್ಯೂಲ್ (ಅಲ್ಲಿನ ಡ್ರೈವರ್) ಹೊಸ ಕರ್ನಲ್‌ಗೆ ಹೊಂದಿಲ್ಲ ಎಂದರ್ಥ.

ಎಲ್ಲಾ ಮಾಡಿ ನೋಡಿದ್ವಿ, ಇನ್ನೂ ಬೀಳ್ತೈತಿ. ಈಗಾದ್ರೂ ಫಾರ್ಮ್ಯಾಟ್ ಮಾಡಬಹುದಾ?

ಈಗ ಮಾಡಿ. ಮೊದಲು ಟ್ಯಾಲಿ ಡೇಟಾ, ನುಡಿ ಫೈಲುಗಳು, ಬಳಸುವ ಎಲ್ಲ ಫಾಂಟುಗಳು, ಬ್ರೌಸರ್‌ನ ಪಾಸ್‌ವರ್ಡ್, ಡಿಜಿಟಲ್ ಸಹಿಯ ವಿವರ ಹೊರಗೆ ತೆಗೆದು, ಇನ್ನೊಂದು ಮಷಿನ್‌ನಲ್ಲಿ ತೆರೆದು ನೋಡಿ. ವಿಂಡೋಸ್ ಹಾಕಿದ ಮೇಲೆ ಹೊರಗಿನ ಯಾವ ಡ್ರೈವರನ್ನೂ ಸೇರಿಸದೆ ಒಂದು ದಿನ ಓಡಿಸಿ. ಆಗಲೂ ಬಿದ್ದರೆ ಹೆಚ್ಚುಕಡಿಮೆ ಹಾರ್ಡ್‌ವೇರೇ: ರ‍್ಯಾಮ್ ಒಂದೊಂದೇ ಸ್ಟಿಕ್ ತೆಗೆದು ನೋಡಿ, ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ, ಬೇರೆ ಪವರ್ ಸಪ್ಲೈ ಹಾಕಿ ನೋಡಿ. ಬೀಳದಿದ್ದರೆ ಚಿಪ್‌ಸೆಟ್, ಗ್ರಾಫಿಕ್ಸ್, ವೈಫೈ, ಕೊನೆಗೆ ಪ್ರಿಂಟರ್ ಮತ್ತು ಕೇಬಲುಗಳು ಎಂಬ ಕ್ರಮದಲ್ಲಿ ಒಂದೊಂದೇ ಹಾಕುತ್ತಾ, ಒಂದೊಂದರ ನಡುವೆ ಒಂದು ದಿನ ಬಿಡಿ. ಹಾಕಿದ ತಾರೀಖು, ಆವೃತ್ತಿಯ ನಂಬರ್ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್‌ಗೆ ಅಂಟಿಸಿ. ಮುಂದಿನ ಸಲ ರಿಪೇರಿಗೆ ಯಾರು ಬಂದರೂ ಅಲ್ಲಿಂದಲೇ ಕೆಲಸ ಶುರು ಮಾಡಬಹುದು.